ಮೊದಲು ಟ್ಯಾಂಕ್, ಆಮೇಲೆ ಇಂಜೆಕ್ಷನ್: ಹಳೇ ಕಾರಿಗೆ ಸರಿಯಾದ ಪೆಟ್ರೋಲ್ ಟ್ಯಾಂಕ್ ಆರಿಸುವುದು ಹೇಗೆ?

ಬಲಕ್ಕೆ ತಿರುಗಿದಾಗ ಮಾತ್ರ ಕೆಮ್ಮು. ಎಡಕ್ಕೆ ತಿರುಗಿದರೆ ಏನೂ ಇಲ್ಲ, ನೇರ ಹೋದರೂ ಏನೂ ಇಲ್ಲ. ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತ ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಎಷ್ಟೋ ಕಡೆ ಬಲಕ್ಕೆ ದೊಡ್ಡ ಸುತ್ತು ಹೊಡೆಯುತ್ತವೆ. ನನ್ನ 1966ರ ಫೋರ್ಡ್ ಮಸ್ಟಾಂಗ್ ಆ ಸುತ್ತಿನ ಮಧ್ಯದಲ್ಲಿ ಗಕ್ಕನೆ ಉಸಿರು ಬಿಡುತ್ತಿತ್ತು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆಯುವಷ್ಟರಲ್ಲಿ ಮತ್ತೆ ಜೀವ ಬರುತ್ತಿತ್ತು.

ಆಗಷ್ಟೇ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಕಾರ್ಬುರೇಟರ್ ತೆಗೆದು, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್ ಹಾಕಿದ್ದೆ. ಕಂಪ್ಯೂಟರ್ ಸೆಟ್ಟಿಂಗ್ ತಪ್ಪಿರಬೇಕು ಅಂತ ಎರಡು ವಾರ ಲ್ಯಾಪ್‌ಟಾಪ್ ಹಿಡಿದು ಕೂತೆ. ಅದರದ್ದು ಏನೂ ತಪ್ಪಿರಲಿಲ್ಲ. ತಪ್ಪು ಡಿಕ್ಕಿಯಲ್ಲಿತ್ತು. ಕಾರ್ಬುರೇಟರ್ ಕಾಲದ ಟ್ಯಾಂಕನ್ನೇ ಉಳಿಸಿಕೊಂಡು, ಅದರ ಹೊರಗೆ ಒಂದು ಪಂಪ್ ಸಿಕ್ಕಿಸಿ, ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಇಂಜೆಕ್ಷನ್ ಕಿಟ್ ಕೊಳ್ಳುವ ಮೊದಲು ನೀವು ಟ್ಯಾಂಕ್ ಬಗ್ಗೆ ಯೋಚಿಸಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆಲ್ಲ ನನ್ನ ಮಸ್ಟಾಂಗೇ ಇದೆ. 1965, 66ರ ಆ ಗಾಡಿ ನಾನು ಬಿಚ್ಚಿ ಕಟ್ಟಿದ್ದು, ಅದರ ನಟ್ಟು ಬೋಲ್ಟು ಗೊತ್ತು. ಲೆಕ್ಕಾಚಾರ ಮಾತ್ರ ಯಾವ ಹಳೇ ಕಾರಿಗಾದರೂ ಅದೇ. ಊರಿನಲ್ಲಿ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ ಕೊನೆಯಲ್ಲಿ ಬೇರೆಯಾಗಿಯೇ ಬರೆದಿದ್ದೇನೆ.

ಹಳೇ ಟ್ಯಾಂಕ್ ಯಾಕೆ ಸಾಲದು?

ಕಾರ್ಬುರೇಟರಿನ ಒಳಗೆ ಒಂದು ಪುಟ್ಟ ಬಟ್ಟಲು ಇದೆ. ಫ್ಲೋಟ್ ಚೇಂಬರ್ ಅಂತಾರಲ್ಲ, ಅದೇ. ಅದರಲ್ಲಿ ಯಾವಾಗಲೂ ಸ್ವಲ್ಪ ಪೆಟ್ರೋಲ್ ನಿಂತಿರುತ್ತದೆ. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಮೂಲೆಗೆ ಓಡಿ, ಪಂಪ್ ಎರಡು ಮೂರು ಸೆಕೆಂಡ್ ಗಾಳಿ ಎಳೆದರೂ ಎಂಜಿನ್‌ಗೆ ಗೊತ್ತಾಗುವುದಿಲ್ಲ. ಬಟ್ಟಲಿನಲ್ಲಿರುವುದನ್ನು ಕುಡಿಯುತ್ತಾ ಇರುತ್ತದೆ. ಬಂದ ಗಾಳಿ ಮೇಲಿನ ತೂತಿನಿಂದ ಹೊರಟುಹೋಗುತ್ತದೆ.

ಇಂಜೆಕ್ಷನ್‌ನಲ್ಲಿ ಆ ಬಟ್ಟಲೇ ಇಲ್ಲ. ಪಂಪಿನಿಂದ ಇಂಜೆಕ್ಟರ್ ತನಕ ಬರೀ ಒತ್ತಡದ ಪೆಟ್ರೋಲ್. ಒಂದು ಗುಳ್ಳೆ ಗಾಳಿ ಹೋದರೂ ಒತ್ತಡ ಬೀಳುತ್ತದೆ, ಎಂಜಿನ್ ಅದೇ ಕ್ಷಣ ಕೆಮ್ಮುತ್ತದೆ. ಒತ್ತಡ ಎಷ್ಟು ಅಂತೀರಾ? ಹಳೇ ಮೆಕ್ಯಾನಿಕಲ್ ಪಂಪ್ ಕೊಡುತ್ತಿದ್ದದ್ದು ಸುಮಾರು 5 ಪಿಎಸ್ಐ. ಕಾರ್ಬುರೇಟರ್ ಜಾಗದಲ್ಲೇ ಕೂರುವ ಈಗಿನ ಥ್ರಾಟಲ್ ಬಾಡಿ ಕಿಟ್‌ಗಳು ಸಾಮಾನ್ಯವಾಗಿ ಕೇಳುವುದು 58 ಪಿಎಸ್ಐ, ಅಂದರೆ 4 ಬಾರ್.

ತುಂಬಿದ ಕೊಡ ತುಳುಕುವುದಿಲ್ಲ ಅಂತಾರಲ್ಲ, ಟ್ಯಾಂಕಿಗೂ ಅಷ್ಟೇ. ಫುಲ್ ಟ್ಯಾಂಕ್ ಇರುವಾಗ ಎಂಥ ಹಳೇ ಟ್ಯಾಂಕೂ ಕೈ ಕೊಡುವುದಿಲ್ಲ. ಮುಳ್ಳು ಕಾಲು ಭಾಗಕ್ಕೆ ಇಳಿದ ಮೇಲೆ ಅದರ ಬಣ್ಣ ಬಯಲಾಗುತ್ತದೆ.

ಎರಡನೇ ವಿಷಯ ಬಿಸಿ. ಕಾರ್ಬುರೇಟರಿಗೆ ಬೇಕಾದಷ್ಟೇ ಪೆಟ್ರೋಲ್ ಮುಂದೆ ಹೋಗುತ್ತಿತ್ತು. ಇಂಜೆಕ್ಷನ್ ಪಂಪ್ ಹಾಗಲ್ಲ, ಅದು ಸದಾ ಪೂರ್ತಿ ವೇಗದಲ್ಲಿ ತಳ್ಳುತ್ತಾ ಇರುತ್ತದೆ. ಎಂಜಿನ್ ಕುಡಿದು ಉಳಿದದ್ದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್. ಬಾನೆಟ್ ಕೆಳಗೆ ಸುತ್ತಿ ಬಿಸಿಯಾಗಿ ಬಂದ ಪೆಟ್ರೋಲ್ ಮತ್ತೆ ಅದೇ ಟ್ಯಾಂಕಿಗೆ ಬೀಳುತ್ತದೆ. ಹಳೇ ಟ್ಯಾಂಕಿನಲ್ಲಿ ವಾಪಸ್ ಬರುವುದಕ್ಕೆ ತೂತೇ ಇಲ್ಲ, ನೋಡಿ.

ಹಂತ 1: ಎಷ್ಟು ಪೆಟ್ರೋಲ್ ಬೇಕು ಅಂತ ಲೆಕ್ಕ ಹಾಕಿ

ಸುಲಭದ ಲೆಕ್ಕ. ಒಂದು ಕುದುರೆ ಶಕ್ತಿಗೆ ಗಂಟೆಗೆ ಅರ್ಧ ಪೌಂಡ್ ಪೆಟ್ರೋಲ್ ಅಂತ ಇಟ್ಟುಕೊಳ್ಳಿ. ನನ್ನ ಗಾಡಿಯದು 289 ಕ್ಯೂಬಿಕ್ ಇಂಚಿನ ವಿ8, ಅಂದರೆ 4.7 ಲೀಟರ್, 200 ಕುದುರೆ ಶಕ್ತಿ. ಆಕ್ಸಿಲರೇಟರ್ ಪೂರ್ತಿ ತುಳಿದರೆ ಗಂಟೆಗೆ 100 ಪೌಂಡ್, ಲೀಟರಿನಲ್ಲಿ ಸುಮಾರು 60.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಕೊಡುವುದು ಗಂಟೆಗೆ 255 ಲೀಟರಿನ ಪಂಪ್. ಒತ್ತಡ ಹೆಚ್ಚಿದಷ್ಟೂ ಹರಿವು ಇಳಿಯುತ್ತದೆ, ಹಾಗಾಗಿ 58 ಪಿಎಸ್ಐಗೆ ಅಷ್ಟು ಸಿಗುವುದಿಲ್ಲ. ಆದರೂ ಇನ್ನೂರರ ಮೇಲೆ ಸಿಗುತ್ತದೆ. ಸುಮ್ನೆ ಹೆದ್ದಾರಿಯಲ್ಲಿ ಹೋಗುವಾಗ ಎಂಜಿನ್ ಕುಡಿಯುವುದು ಗಂಟೆಗೆ 15 ಲೀಟರ್ ಆಸುಪಾಸು. ಮಿಕ್ಕಿದ್ದೆಲ್ಲ ತಿರುಗಿ ಟ್ಯಾಂಕಿಗೆ. ನನ್ನ ಟ್ಯಾಂಕ್ 16 ಗ್ಯಾಲನ್, ಸುಮಾರು 60 ಲೀಟರ್. ಅಂದರೆ ಟ್ಯಾಂಕಿನಲ್ಲಿರುವಷ್ಟು ಪೆಟ್ರೋಲ್ ಗಂಟೆಗೆ ಮೂರು ಸಲ ಎಂಜಿನ್ ತನಕ ಹೋಗಿ ಬರುತ್ತದೆ! ಅರ್ಧ ಟ್ಯಾಂಕ್ ಇದ್ದರೆ ಆರು ಸಲ.

ಇದನ್ನು ಮೊದಲೇ ಹೇಳಿದ್ದು ಯಾಕೆ ಅಂದರೆ, ತುಂಬಾ ಜನ "ದೊಡ್ಡ ಪಂಪ್ ಇದ್ದರೆ ಒಳ್ಳೇದು" ಅಂತ ಇನ್ನೂ ದೊಡ್ಡದನ್ನು ತರುತ್ತಾರೆ. ದೊಡ್ಡ ಪಂಪ್ ಅಂದರೆ ಜಾಸ್ತಿ ಬಿಸಿ, ಜಾಸ್ತಿ ಸದ್ದು, ಜಾಸ್ತಿ ಕರೆಂಟ್. ನಿಮ್ಮ ಲೆಕ್ಕದ ಮೇಲೆ ಸ್ವಲ್ಪ ಹೆಚ್ಚಿಗೆ ಇರಲಿ, ಸಾಕು.

ಹಂತ 2: ಟೇಪ್ ಹಿಡಿದು ಗಾಡಿಯ ಕೆಳಗೆ ಮಲಗಿ

ಕ್ಯಾಟಲಾಗ್ ನೋಡುವ ಮೊದಲು ನಿಮ್ಮ ಕಾರಿನಲ್ಲಿ ಟ್ಯಾಂಕ್ ಎಲ್ಲಿ ಹೇಗೆ ಕೂತಿದೆ ಅಂತ ನೋಡಿ. ನನ್ನ ಕಾಲದ ಮಸ್ಟಾಂಗಿನ ವಿನ್ಯಾಸ ನೋಡಿದರೆ ಇವತ್ತಿನವರು ಬೆಚ್ಚಿಬೀಳುತ್ತಾರೆ. ಟ್ಯಾಂಕನ್ನು ಮೇಲಿನಿಂದ ಡಿಕ್ಕಿಯ ತೂತಿಗೆ ಇಳಿಸಿ, ಸುತ್ತ ಸ್ಕ್ರೂ ಹಾಕಿದ್ದಾರೆ. ಟ್ಯಾಂಕಿನ ನೆತ್ತಿಯೇ ಡಿಕ್ಕಿಯ ನೆಲ. ನೀವು ಸೂಟ್‌ಕೇಸ್ ಇಡುವುದು ಪೆಟ್ರೋಲ್ ಟ್ಯಾಂಕಿನ ತಲೆಯ ಮೇಲೆ. ಪೆಟ್ರೋಲ್ ಹಾಕುವ ಮುಚ್ಚಳ ಹಿಂದೆ, ಎರಡು ದೀಪಗಳ ನಡುವೆ. ಅಲ್ಲಿಂದ ಪೈಪ್ ಡಿಕ್ಕಿಯೊಳಗೇ ಬಂದು, ಒಂದು ತುಂಡು ರಬ್ಬರ್ ಹೋಸಿನಲ್ಲಿ ಟ್ಯಾಂಕಿಗೆ ಸೇರುತ್ತದೆ. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಇರುವುದು ತೆಳ್ಳನೆ ರಟ್ಟು.

ಹೀಗಿರುವಾಗ ಟ್ಯಾಂಕಿನ ಮೇಲ್ಭಾಗದಲ್ಲಿ ಏನು ಕೂತರೂ ಅದು ಡಿಕ್ಕಿಯೊಳಗೆ ಕೂತ ಹಾಗೆ. ಅಲ್ಲಿ ಒಂದು ಹನಿ ಸೋರಿದರೆ ವಾಸನೆ ನೇರ ಮಕ್ಕಳು ಕೂರುವ ಸೀಟಿಗೆ. ನಾನು ಟ್ಯಾಂಕ್ ಬದಲಿಸುವಾಗಲೇ ರಟ್ಟು ತೆಗೆದು ಉಕ್ಕಿನ ಹಾಳೆ ಹಾಕಿಸಿದೆ. ಮಸ್ಟಾಂಗ್ ಇರುವವರು ಇದೊಂದನ್ನು ಬಿಡಬೇಡಿ.

ಅಳೆಯಬೇಕಾದ್ದು: ಪಂಪ್ ಕೂರುವ ಜಾಗದಲ್ಲಿ ಟ್ಯಾಂಕಿನ ಆಳ, ಮೇಲೆ ಪೈಪುಗಳಿಗೆ ಬೇಕಾದ ಎತ್ತರ, ಸೈಲೆನ್ಸರ್ ಪೈಪ್ ಎಷ್ಟು ಹತ್ತಿರ ಹೋಗುತ್ತದೆ, ಹಿಂದಿನ ಆಕ್ಸಲ್ ಮೇಲೆ ಬಂದಾಗ ಎಷ್ಟು ಜಾಗ ಉಳಿಯುತ್ತದೆ. ಕೊನೆಯದನ್ನು ಗಾಡಿ ಜ್ಯಾಕ್ ಮೇಲೆ ನೇತಾಡುತ್ತಿರುವಾಗ ಅಳೆದರೆ ಮೋಸ ಹೋಗುತ್ತೀರಿ. ಚಕ್ರದ ಮೇಲೆ ಭಾರ ಇರಬೇಕು.

ಹಂತ 3: ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸಿ

ಮೊದಲನೇ ದಾರಿ ನಾನು ಹಿಡಿದು ಕೆಟ್ಟದ್ದು. ಹಳೇ ಟ್ಯಾಂಕ್ ಹಾಗೇ ಇರಲಿ, ಹೊರಗೆ ಪೈಪಿನ ಮಧ್ಯೆ ಕೂರುವ ಒಂದು ಇನ್‌ಲೈನ್ ಪಂಪ್. ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಆದರೆ ಈ ಪಂಪುಗಳಿಗೆ ತಳ್ಳುವುದು ಚೆನ್ನಾಗಿ ಬರುತ್ತದೆ, ಎಳೆಯುವುದು ಬರುವುದಿಲ್ಲ. ಟ್ಯಾಂಕಿಗೆ ಹತ್ತಿರ, ಪೆಟ್ರೋಲ್ ಮಟ್ಟಕ್ಕಿಂತ ಕೆಳಗೆ ಇರಬೇಕು. ಎಳೆಯುವ ಕಡೆ ಒತ್ತಡ ಇಳಿಯುವುದರಿಂದ ಬಿಸಿ ಪೆಟ್ರೋಲ್ ಅಲ್ಲೇ ಕುದಿದು ಆವಿಯಾಗುತ್ತದೆ. ಪ್ರತಿ ಆಗಸ್ಟಿನಲ್ಲಿ ಇಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ಹಳೇ ಕಾರುಗಳ ಜಾತ್ರೆಯೇ ನಡೆಯುತ್ತದೆ. ಡ್ರೀಮ್ ಕ್ರೂಸ್ ಅಂತ ಅದರ ಹೆಸರು. ನಮ್ಮೂರ ತೇರಿಗಿಂತ ನಿಧಾನ. ಆ ಬಿಸಿಲಲ್ಲಿ ನನ್ನ ಪಂಪ್ ಮೊದಲು ಗೊಯ್ ಅಂತು, ಆಮೇಲೆ ಸುಮ್ಮನಾಯಿತು. ಜನರ ನಡುವೆ ಗಾಡಿ ತಳ್ಳಿದ್ದೇನೆ, ಆ ಅವಮಾನ ನಿಮಗೆ ಬೇಡ.

ಎರಡನೆಯದು ಸಣ್ಣ ಸರ್ಜ್ ಟ್ಯಾಂಕ್. ಹಳೇ ಟ್ಯಾಂಕು, ಹಳೇ ಮೆಕ್ಯಾನಿಕಲ್ ಪಂಪು ಎರಡೂ ಇರುತ್ತವೆ. ಅವು ಬಾನೆಟ್ ಕೆಳಗಿನ ಒಂದು ಪುಟ್ಟ ಡಬ್ಬಿಯನ್ನು ತುಂಬಿಸುತ್ತವೆ, ಆ ಡಬ್ಬಿಯೊಳಗಿನ ಪಂಪ್ ಇಂಜೆಕ್ಷನ್‌ಗೆ ಕೊಡುತ್ತದೆ. ಒಂದು ರೀತಿಯಲ್ಲಿ ಕಾರ್ಬುರೇಟರಿನ ಬಟ್ಟಲನ್ನೇ ದೊಡ್ಡದು ಮಾಡಿ ವಾಪಸ್ ತಂದ ಹಾಗೆ. ಉಪಾಯ ಒಳ್ಳೆಯದೇ, ಜಾಗ ಕೆಟ್ಟದ್ದು. ಕಾರಿನಲ್ಲೇ ಅತಿ ಬಿಸಿ ಇರುವ ಕಡೆ ಪೆಟ್ರೋಲ್ ಡಬ್ಬಿ ಇಡುತ್ತಿದ್ದೀರಿ. ಟ್ಯಾಂಕ್ ಬದಲಿಸಲು ಸಾಧ್ಯವೇ ಇಲ್ಲದ ಗಾಡಿಗೆ ಮಾತ್ರ ಇದನ್ನು ಹೇಳುತ್ತೇನೆ. ಅದನ್ನೂ ಎಂಜಿನ್ನಿನ ಬಿಸಿ ಹೊಗೆ ಹೊರಬೀಳುವ ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ, ಗಾಳಿ ಆಡುವ ಕಡೆ ಇಡಿ.

ಮೂರನೆಯದು ಟ್ಯಾಂಕಿನ ನೆತ್ತಿಗೆ ತೂತು ಕೊರೆದು ಪಂಪ್ ಇಳಿಸುವ ಕಿಟ್. ಜೊತೆಗೆ ಫೋಮಿನ ಒಂದು ಬುಟ್ಟಿ ಬರುತ್ತದೆ, ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡಲು. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಒಮ್ಮೆ ಪೆಟ್ರೋಲ್ ಕಂಡ ಟ್ಯಾಂಕಿಗೆ ಡ್ರಿಲ್ ಹಾಕಬೇಡಿ, ವೆಲ್ಡಿಂಗ್ ಅಂತೂ ಮಾಡಲೇಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಗಾಳಿಯಲ್ಲಿ ನೂರಕ್ಕೆ ಒಂದೂವರೆಯಿಂದ ಏಳೂವರೆ ಭಾಗದಷ್ಟು ಪೆಟ್ರೋಲ್ ಆವಿ ಇದ್ದರೆ ಅದು ಸಿಡಿಯುತ್ತದೆ, ಖಾಲಿ ಟ್ಯಾಂಕಿನಲ್ಲಿ ಆ ಪ್ರಮಾಣ ಆಗುವುದು ಸುಲಭ. ತೊಳೆದರೂ ತುಕ್ಕಿನ ಸಂದಿಯಲ್ಲಿ, ಮಡಿಕೆಯಲ್ಲಿ ಉಳಿದಿರುತ್ತದೆ. "ನೀರು ತುಂಬಿಸಿ ಮಾಡಿದರೆ ಏನೂ ಆಗಲ್ಲ ಸಾರ್" ಅನ್ನುವ ವೆಲ್ಡರ್ ಎಲ್ಲ ಊರಲ್ಲೂ ಸಿಗುತ್ತಾನೆ. ನಮಸ್ಕಾರ ಹೇಳಿ ಬಂದುಬಿಡಿ. ತೂತು ಕೊರೆಯಲೇಬೇಕಿದ್ದರೆ ಪೆಟ್ರೋಲ್ ಇನ್ನೂ ಮುಟ್ಟದ ಹೊಸ ಟ್ಯಾಂಕ್ ತಂದು, ಅದಕ್ಕೆ ಕೊರೆಯಿರಿ. ಚೂರು ಲೋಹ ಒಂದೂ ಒಳಗೆ ಉಳಿಯದಂತೆ ತೊಳೆಯಿರಿ.

ಹೊಸ ಟ್ಯಾಂಕ್ ತರುವುದೇ ಆದರೆ ನಾಲ್ಕನೇ ದಾರಿ ಯಾಕಾಗಬಾರದು? ಇಂಜೆಕ್ಷನ್‌ಗೆಂದೇ ಮಾಡಿದ ಟ್ಯಾಂಕ್. ಹೊರಗಿನಿಂದ ಹಳೇ ಟ್ಯಾಂಕಿನ ತದ್ರೂಪ, ಅದೇ ಸ್ಕ್ರೂ ತೂತುಗಳು. ಒಳಗೆ ಪಂಪ್ ಕೂರಲು ತಗ್ಗು, ಸುತ್ತ ತಡೆಗೋಡೆ, ರಿಟರ್ನ್, ಗಾಳಿ ಆಡುವ ವೆಂಟ್ ಎಲ್ಲ ಮೊದಲೇ ಇರುತ್ತವೆ. ಮಸ್ಟಾಂಗ್, ಕಮಾರೊ ತರಹ ಲಕ್ಷಗಟ್ಟಲೆ ಮಾರಾಟವಾದ ಗಾಡಿಗಳಿಗೆ ಅಮೆರಿಕದಲ್ಲಿ ಇವು ಸಿದ್ಧವಾಗಿ ಸಿಗುತ್ತವೆ. ಕೆಲವು ನೂರು ಡಾಲರ್ ಆಗುತ್ತದೆ. ನಾನು ಮೊದಲ ದಾರಿಗೆ ಹಾಕಿದ ಪಂಪು, ಹೋಸು, ಫಿಲ್ಟರಿನ ಖರ್ಚನ್ನೆಲ್ಲ ಕೂಡಿಸಿ ನೋಡಿದೆ. ಹೆಚ್ಚು ಕಡಿಮೆ ಅಷ್ಟೇ ಆಗಿತ್ತು.

ಹಂತ 4: ಟ್ಯಾಂಕಿನ ಹೊಟ್ಟೆಯೊಳಗೆ ನೋಡಿ

"ಇಎಫ್ಐ ಟ್ಯಾಂಕ್", ಅಂದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಟ್ಯಾಂಕ್, ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ಕೆಲವು ಬರೀ ಹಳೇ ಟ್ಯಾಂಕಿಗೆ ಒಂದು ತೂತು ಜಾಸ್ತಿ, ಅಷ್ಟೇ. ಕೊಳ್ಳುವ ಮೊದಲು ಒಳಗಿನ ಫೋಟೋ ಕೇಳಿ. ಅಂಗಡಿಗೆ ಹೋದರೆ ಟಾರ್ಚ್ ಹಾಕಿ ನೋಡಿ.

ಮುಖ್ಯವಾಗಿ ಬೇಕಾದ್ದು ಪಂಪಿನ ಸುತ್ತ ಒಂದು ತೊಟ್ಟಿ. ತಳದಲ್ಲಿ ಪೆಟ್ರೋಲ್ ಒಳಗೆ ಬರಲು ಸಣ್ಣ ಸಂದಿ ಇರುತ್ತದೆ. ಗಾಡಿ ತಿರುಗಿದಾಗ ಪೆಟ್ರೋಲ್ ಹೊರಗೆ ಓಡಲು ನೋಡಿದರೂ ಆ ಸಂದಿಯಿಂದ ಬೇಗ ಖಾಲಿಯಾಗುವುದಿಲ್ಲ. ರಿಟರ್ನ್ ಪೈಪ್ ಬಂದು ಬೀಳುವುದು ಇದೇ ತೊಟ್ಟಿಯೊಳಗೆ ಆದರೆ ಇನ್ನೂ ಒಳ್ಳೆಯದು. ಆಗ ವಾಪಸ್ ಬರುವ ಪೆಟ್ರೋಲೇ ಅದನ್ನು ತುಂಬಿಸುತ್ತಾ ಇರುತ್ತದೆ. ರಿಟರ್ನ್ ಪೈಪ್ ತಳದ ತನಕ ಇಳಿದಿರಬೇಕು. ಮೇಲಿನಿಂದ ಜಲಪಾತದ ಹಾಗೆ ಬಿದ್ದರೆ ನೊರೆ ಏಳುತ್ತದೆ, ಪಂಪ್ ನೊರೆ ಕುಡಿಯುತ್ತದೆ.

ತೊಟ್ಟಿ ಇಲ್ಲದ ಟ್ಯಾಂಕೇ ಸಿಕ್ಕಿದರೆ ಇನ್ನೊಂದು ಉಪಾಯ ಇದೆ. ಹೀರುವ ಬಾಯಿಗೆ ಹಾಸಿಗೆಯಂತೆ ಹರಡುವ ಒಂದು ವಿಶೇಷ ಜಾಲರಿ. ಅದರ ಯಾವುದೋ ಒಂದು ಮೂಲೆ ಪೆಟ್ರೋಲಿನಲ್ಲಿ ಮುಳುಗಿದ್ದರೂ ಅಲ್ಲಿಂದಲೇ ಎಳೆಯುತ್ತದೆ. ಒದ್ದೆಯಾದ ಜಾಲರಿಯ ಕಣ್ಣುಗಳಲ್ಲಿ ಪೆಟ್ರೋಲಿನ ಪೊರೆ ನಿಂತು ಗಾಳಿಯನ್ನು ಒಳಗೆ ಬಿಡುವುದಿಲ್ಲ. ದುಬಾರಿ, ಆದರೆ ಚಪ್ಪಟೆ ಟ್ಯಾಂಕಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ.

ಪಂಪನ್ನು ಟ್ಯಾಂಕ್ ಇಳಿಸದೆ ಹೊರಗೆ ತೆಗೆಯಲು ಆಗುತ್ತದಾ ಅಂತಲೂ ನೋಡಿ. ಇವತ್ತಲ್ಲ ನಾಳೆ ಪಂಪ್ ಹೋಗುತ್ತದೆ. ಆ ದಿನ ಟ್ಯಾಂಕ್ ತುಂಬಿರುತ್ತದೆ, ಅದು ಲೋಕದ ನಿಯಮ.

ಇನ್ನು ನನ್ನ ಇನ್ನೊಂದು ತಪ್ಪು. ಟ್ಯಾಂಕಿನೊಳಗೆ ಪಂಪಿಗೂ ಮೇಲಿನ ಪೈಪಿಗೂ ನಡುವೆ ಎರಡು ಇಂಚಿನ ರಬ್ಬರ್ ಹೋಸ್ ಬರುತ್ತದೆ. ಜೊತೆಗೆ ಬಂದ ತುಂಡು ಸ್ವಲ್ಪ ಚಿಕ್ಕದಾಯಿತು. ಕೈಯಲ್ಲಿದ್ದ, ಮೈಮೇಲೆ ಎಸ್ಎಇ 30ಆರ್9 ಅಂತ ದರ್ಜೆ ಬರೆದ ಹೋಸ್ ಕತ್ತರಿಸಿ ಹಾಕಿದೆ. ಅದು ಇಂಜೆಕ್ಷನ್ ಒತ್ತಡಕ್ಕೇ ಮಾಡಿದ್ದು, ಒಳಗೆ ಪೆಟ್ರೋಲ್ ಹರಿದರೆ ಏನೂ ಆಗುವುದಿಲ್ಲ. ಆದರೆ ಪೆಟ್ರೋಲಿನಲ್ಲಿ ಮುಳುಗಿರಲು ಅದರ ಹೊರಮೈಯನ್ನು ಮಾಡಿಲ್ಲ. ಕೆಲವು ತಿಂಗಳಲ್ಲಿ ಒತ್ತಡ 58ರಿಂದ 30ಕ್ಕೆ ಇಳಿಯಿತು. ಫಿಲ್ಟರ್ ಬದಲಿಸಿದೆ, ರಿಲೇ ಬದಲಿಸಿದೆ. ಹೊರಗೆ ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಇರುವುದಾದರೂ ಹೇಗೆ, ಸೋರುತ್ತಿದ್ದದ್ದು ಟ್ಯಾಂಕಿನೊಳಗೇ! ಹೋಸ್ ಊದಿಕೊಂಡು ನೆನೆದ ಹಪ್ಪಳದ ಹಾಗಾಗಿತ್ತು. ಟ್ಯಾಂಕಿನೊಳಗೆ 30ಆರ್10 ಅಂತ ಬರೆದ ಹೋಸನ್ನೇ ಹಾಕಿ. ಹೊರಗೆ 30ಆರ್9. ಕಾರ್ಬುರೇಟರಿಗೆ ಬಳಸುವ 30ಆರ್7 ಈ ಒತ್ತಡದ ಕಡೆ ಎಲ್ಲೂ ಬೇಡ.

ಹಂತ 5: ಯಾವ ಲೋಹ?

ಬೀದಿಯಲ್ಲಿ ಓಡಿಸುವ ಗಾಡಿಗೆ ಉಕ್ಕಿನ ಟ್ಯಾಂಕೇ ಸಾಕು, ಒಳಗೂ ಹೊರಗೂ ಒಳ್ಳೆಯ ಲೇಪ ಇದ್ದರೆ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಬಾಳಿಕೆ, ದುಡ್ಡು ಜಾಸ್ತಿ. ಅಲ್ಯೂಮಿನಿಯಂ ಹಗುರ, ನೋಡಲು ಚೆಂದ, ಆದರೆ ಅಲುಗಾಟಕ್ಕೆ ವೆಲ್ಡ್ ಬಿರುಕು ಬಿಡುವುದನ್ನು ಕಂಡಿದ್ದೇನೆ. ಅದನ್ನು ಹಾಕುವುದಾದರೆ ರಬ್ಬರ್ ಪಟ್ಟಿಯ ಮೇಲೆ ಕೂರಿಸಿ. ರೇಸಿನವರು ಹಾಕುವ ಫೋಮ್ ತುಂಬಿದ ಟ್ಯಾಂಕ್, ಫ್ಯೂಯೆಲ್ ಸೆಲ್ ಅಂತಾರಲ್ಲ, ಅದು ನಮಗಲ್ಲ. ಅದರೊಳಗಿನ ಫೋಮ್ ವರ್ಷಗಳು ಕಳೆದಂತೆ ಪುಡಿಯಾಗಿ ಫಿಲ್ಟರ್ ಕಟ್ಟಿಸುತ್ತದೆ.

ಲೋಹಕ್ಕಿಂತ ಯೋಚಿಸಬೇಕಾದ್ದು ಎಥನಾಲ್. ಅಮೆರಿಕದಲ್ಲಿ ಬಂಕಿನ ಹೆಚ್ಚಿನ ಪೆಟ್ರೋಲಿನಲ್ಲಿ ಶೇ. 10ರ ತನಕ ಎಥನಾಲ್ ಇರುತ್ತದೆ. ಅದು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಿಶಿಗನ್ ರಾಜ್ಯದಲ್ಲಿ ನನ್ನ ಗಾಡಿ ನವೆಂಬರಿನಿಂದ ಏಪ್ರಿಲ್ ತನಕ ಗ್ಯಾರೇಜಿನಲ್ಲಿ ಮಲಗುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಸಮೇತ ತಳಕ್ಕೆ ಇಳಿಯುತ್ತದೆ, ತಳದಲ್ಲೇ ಪಂಪ್ ಕೂತಿರುತ್ತದೆ. ಅದಕ್ಕೇ ಮಲಗಿಸುವ ಮೊದಲು ಫುಲ್ ಟ್ಯಾಂಕ್ ಮಾಡುತ್ತೇನೆ, ಒಳಗೆ ಗಾಳಿಗೆ ಜಾಗ ಕಡಿಮೆ ಇರಲಿ ಅಂತ. ತಳದಲ್ಲಿ ಡ್ರೈನ್ ಬೋಲ್ಟ್ ಇರುವ ಟ್ಯಾಂಕ್ ಸಿಕ್ಕರೆ ಅದನ್ನೇ ತನ್ನಿ.

ಹಂತ 6: ಮುಳ್ಳು ನಿಜ ಹೇಳಬೇಕಲ್ವಾ?

ಇದನ್ನು ಮರೆತವರೇ ಜಾಸ್ತಿ. ಟ್ಯಾಂಕಿನೊಳಗಿನ ಫ್ಲೋಟ್ ಮೇಲೆ ಕೆಳಗೆ ಆದಂತೆ ಅದಕ್ಕೆ ಜೋಡಿಸಿದ ಸೆಂಡರಿನ ರೆಸಿಸ್ಟೆನ್ಸ್ ಬದಲಾಗುತ್ತದೆ, ಅದನ್ನು ನೋಡಿ ಮುಳ್ಳು ಆಡುತ್ತದೆ. ಆ ಕಾಲದ ಫೋರ್ಡ್‌ನಲ್ಲಿ ಖಾಲಿಗೆ 73 ಓಮ್, ತುಂಬಿದಾಗ 10. ಜನರಲ್ ಮೋಟರ್ಸ್ (ಜಿಎಂ) ಗಾಡಿಗಳಲ್ಲಿ ಖಾಲಿಗೆ 0, ತುಂಬಿದರೆ 90. ಪೂರ್ತಿ ಉಲ್ಟಾ! ಹೊರಗಿನ ಅಂಗಡಿಯ ಗೇಜುಗಳಲ್ಲಿ ಹೆಚ್ಚಾಗಿ 240ರಿಂದ 33. ತಪ್ಪು ಸೆಂಡರ್ ಬಂದರೆ ಖಾಲಿ ಟ್ಯಾಂಕ್ ಫುಲ್ ಅಂತ ತೋರಿಸುತ್ತದೆ.

ಟ್ಯಾಂಕ್ ಕಟ್ಟುವ ಮೊದಲು ಸೆಂಡರನ್ನು ಕೈಯಲ್ಲಿ ಹಿಡಿದು, ಮಲ್ಟಿಮೀಟರ್ ಹಾಕಿ, ಫ್ಲೋಟನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ನೋಡಿ. ಎರಡು ನಿಮಿಷದ ಕೆಲಸ. ಹಳೇ ಮಸ್ಟಾಂಗ್ ಗೇಜಿಗೆ ಹೋಗುವುದು ಸರಾಸರಿ 5 ವೋಲ್ಟ್. ಪರೀಕ್ಷೆ ಮಾಡುತ್ತೇನೆ ಅಂತ ಅದಕ್ಕೆ ನೇರ 12 ವೋಲ್ಟ್ ಕೊಟ್ಟರೆ ಸುಟ್ಟೇ ಹೋಗುತ್ತದೆ.

ಹಂತ 7: ಉಸಿರಾಡಲು ದಾರಿ

ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ನನ್ನ ಕಾರಿನ ಕಾಲದಲ್ಲಿ ಅದಕ್ಕೆ ಮುಚ್ಚಳದಲ್ಲೇ ತೂತು. ಬಿಸಿ ಪೆಟ್ರೋಲ್ ವಾಪಸ್ ಬರುವ ಟ್ಯಾಂಕಿಗೆ ಅದು ಸಾಲದು, ಗ್ಯಾರೇಜೆಲ್ಲ ವಾಸನೆ. ಟ್ಯಾಂಕಿನ ಮೇಲೆ ವೆಂಟ್ ಇದ್ದು, ಅದಕ್ಕೆ ಗಾಡಿ ಮಗುಚಿದರೆ ತಾನಾಗಿ ಮುಚ್ಚುವ ರೋಲ್‌ಓವರ್ ವಾಲ್ವ್ ಇರಬೇಕು. ಅಲ್ಲಿಂದ ಪೈಪನ್ನು ಇದ್ದಿಲಿನ ಡಬ್ಬಿಗೆ ಒಯ್ದರೆ ಆವಿಯನ್ನು ಇದ್ದಿಲು ಹಿಡಿದುಕೊಳ್ಳುತ್ತದೆ. ಹೊಸ ಕಾರುಗಳಲ್ಲೆಲ್ಲ ಈ ಡಬ್ಬಿ ಇರುತ್ತದೆ, ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ವೆಂಟ್ ಮುಚ್ಚಿಹೋದರೆ ಟ್ಯಾಂಕ್ ಒಳಕ್ಕೆ ಕುಗ್ಗುತ್ತದೆ, ಜ್ಯೂಸ್ ಖಾಲಿಯಾದ ಮೇಲೂ ಸ್ಟ್ರಾ ಎಳೆದರೆ ಡಬ್ಬ ಮುದುಡುತ್ತದಲ್ಲ, ಹಾಗೆ.

ಹಂತ 8: ಕೂರಿಸುವುದು

ಬ್ಯಾಟರಿ ತೆಗೆದಿಡಿ. ಹಳೇ ಪೆಟ್ರೋಲನ್ನು ಹೊರಗೆ ಬಯಲಲ್ಲಿ ಇಳಿಸಿ. ಗ್ಯಾರೇಜಿನೊಳಗೆ ಬೇಡ, ಅಮೆರಿಕದಲ್ಲಿ ಎಷ್ಟೋ ಮನೆಗಳಲ್ಲಿ ಅಲ್ಲೇ ಗ್ಯಾಸ್ ವಾಟರ್ ಹೀಟರಿನ ಜ್ವಾಲೆ ಇರುತ್ತದೆ. ಅಗ್ನಿಶಾಮಕ ಸಿಲಿಂಡರ್ ಕೈಗೆಟಕುವಂತಿರಲಿ. ಪೆಟ್ರೋಲ್ ಹಾಕುವ ಪೈಪಿನ ರಬ್ಬರ್ ಹೋಸ್, ಸುತ್ತಲಿನ ಸೀಲ್ ಹೊಸದೇ ಹಾಕಿ.

ಮುಂದಕ್ಕೆ ಹೋಗುವ ಪೈಪ್ 3/8 ಇಂಚು ಇರಲಿ. ರಿಟರ್ನ್ ಕೂಡ ಅಷ್ಟೇ ಇದ್ದರೆ ಚಿಂತೆ ಇಲ್ಲ, ಅದು ಕಿರಿದಾದರೆ ಒತ್ತಡ ಏರುತ್ತಾ ಹೋಗುತ್ತದೆ. ಪಂಪ್ ಆದ ಮೇಲೆ 10 ಮೈಕ್ರಾನ್ ಫಿಲ್ಟರ್.

ವೈರಿಂಗ್‌ನಲ್ಲಿ ಜಿಪುಣತನ ಬೇಡ. ಪಂಪಿಗೆ ತನ್ನದೇ ರಿಲೇ, ತನ್ನದೇ ಫ್ಯೂಸ್, ದಪ್ಪ ವೈರ್. ಟ್ಯಾಂಕಿಗೆ ಬಣ್ಣ, ಸುತ್ತ ರಬ್ಬರ್ ಸೀಲ್, ಹಾಗಾಗಿ ಬಾಡಿಗೆ ಅರ್ಥ್ ಸಿಗುವುದಿಲ್ಲ. ಬೇರೆ ಅರ್ಥ್ ವೈರ್ ಎಳೆಯಿರಿ. ಮುಳ್ಳು ಹುಚ್ಚಾಪಟ್ಟೆ ಕುಣಿಯುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ. ಕೊನೆಗೆ, ಗಾಡಿ ಎಲ್ಲಾದರೂ ಗುದ್ದಿದಾಗ ಪಂಪಿನ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್. ಎಂಬತ್ತು ತೊಂಬತ್ತರ ದಶಕದ ಫೋರ್ಡ್ ಕಾರುಗಳಲ್ಲಿ ಇದು ಇರುತ್ತಿತ್ತು. ನಾನು ಹಾಕಿದ್ದು ಗುಜರಿಯಿಂದ ತಂದದ್ದು.

ಹಂತ 9: ಪರೀಕ್ಷೆ

ಮೊದಲು ಐದಾರು ಲೀಟರ್ ಮಾತ್ರ ಹಾಕಿ. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಪಂಪ್ ಒಂದೆರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಹೀಗೆ ನಾಲ್ಕೈದು ಸಲ ಮಾಡಿ, ಪ್ರತಿ ಜಾಯಿಂಟಿಗೂ ಬಿಳಿ ಪೇಪರ್ ಒತ್ತಿ ನೋಡಿ. ಕಣ್ಣಿಗೆ ಕಾಣದ ಸೋರಿಕೆ ಪೇಪರಿಗೆ ಕಾಣುತ್ತದೆ.

ಆಮೇಲೆ ಕಾಲು ಟ್ಯಾಂಕ್ ಇಟ್ಟುಕೊಂಡು ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು, ಜೋರಾಗಿ ಬ್ರೇಕ್, ಜೋರಾಗಿ ಓಟ. ಪಕ್ಕದಲ್ಲಿ ಒಬ್ಬರು ಕೂತು ಕಿಟ್ಟಿನ ಪರದೆಯಲ್ಲಿ ಒತ್ತಡ ನೋಡುತ್ತಿರಲಿ. ಪರದೆಯಲ್ಲಿ ತೋರಿಸದಿದ್ದರೆ ಪ್ರೆಶರ್ ಗೇಜನ್ನು ಉದ್ದ ಹೋಸಿನಲ್ಲಿ ಹೊರಗೆ ತಂದು, ಗಾಜಿನ ಆಚೆ ವೈಪರಿಗೆ ಟೇಪ್ ಹಾಕಿ ಅಂಟಿಸಿ. ಗೇಜನ್ನು ಕಾರಿನೊಳಗೆ ಮಾತ್ರ ತರಬೇಡಿ, ಒತ್ತಡದ ಪೆಟ್ರೋಲ್ ತೊಡೆಯ ಮೇಲೆ ಇಟ್ಟುಕೊಂಡ ಹಾಗೆ.

ನನ್ನ ಹೊಸ ಟ್ಯಾಂಕಿನಲ್ಲಿ ಮುಳ್ಳು ಖಾಲಿ ಗೆರೆ ಮುಟ್ಟುವ ತನಕ ಒತ್ತಡ 57ಕ್ಕಿಂತ ಕೆಳಗೆ ಬರಲಿಲ್ಲ. ಅದೇ ಬಲಗಡೆ ಸುತ್ತಿಗೆ ಬೇಕೆಂದೇ ನಾಲ್ಕು ಸಲ ಹೋಗಿ ಬಂದೆ.

ಊರಿನಲ್ಲಿ ಮಾಡುವವರಿಗೆ

ಮೈಸೂರಿನಿಂದ ಸೋದರಮಾವ ಫೋನ್ ಮಾಡಿದ್ದರು. "ನಮ್ಮ ಅಂಬಾಸಿಡರ್‌ಗೂ ಹೀಗೆ ಮಾಡಬಹುದೇನೋ?" ಅಂತ. "ಮಾಡಬಹುದು ಮಾವ, ಆದರೆ ಮೊದಲು ಆರ್‌ಟಿಒ ಆಫೀಸಿಗೆ ಹೋಗಿ ಬನ್ನಿ" ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯಲ್ಲಿ ಮಾಡುವ ಬದಲಾವಣೆಗೆ ಮಿತಿ ಹಾಕುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ ಹೇಳಿದೆ. ನಿಮ್ಮ ಕೆಲಸಕ್ಕೆ ಇದು ಎಷ್ಟು ಅನ್ವಯ ಅಂತ ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳಿ. 50 ವರ್ಷ ದಾಟಿದ ಗಾಡಿ ಇದ್ದರೆ ಇನ್ನೂ ಯೋಚಿಸಿ. 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪದಲ್ಲಿ ಉಳಿದ ಗಾಡಿಗೆ.

ಎರಡನೆಯದು, ಸಿದ್ಧ ಟ್ಯಾಂಕ್ ಸಿಗುವುದಿಲ್ಲ. ಅಂಬಾಸಿಡರ್ ಇರುವವರಿಗೆ ಒಂದು ಆಸೆ ಇದೆ. ಅದೇ ಬಾಡಿಯಲ್ಲಿ ಇಸುಜು ಎಂಜಿನ್ನಿನ 1800 ಎಂಪಿಎಫ್ಐ, ಅಂದರೆ ಇಂಜೆಕ್ಷನ್ ಇರುವ ಗಾಡಿ ಬಂದಿತ್ತು. ಅಂಥ ಗಾಡಿಯ ಟ್ಯಾಂಕ್, ಪಂಪ್ ಸಿಕ್ಕರೆ ಮೊದಲು ಅಳೆದು ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳಲ್ಲಿ ಹೇಳಿಟ್ಟರೆ ಬರಬಹುದು. ಇಲ್ಲದಿದ್ದರೆ ಹೊಸ ಟ್ಯಾಂಕನ್ನೇ ಮಾಡಿಸಬೇಕು. ಆಗ ಮೊದಲು ಒಂದು ಸಣ್ಣ ಎಂಪಿಎಫ್ಐ ಕಾರಿನ ಪಂಪ್ ಮಾಡ್ಯೂಲ್ ಕೊಳ್ಳಿ, ಅದರ ಎತ್ತರ ಅಳೆದು ಅದಕ್ಕೆ ತಕ್ಕಂತೆ ಟ್ಯಾಂಕ್ ಮಾಡಿಸಿ. ಈ ಮಾಡ್ಯೂಲಿಗೆ ಪುಟ್ಟ ತೊಟ್ಟಿ ಜೊತೆಗೇ ಬರುತ್ತದೆ. ಹಲವದರಲ್ಲಿ ಒತ್ತಡ ಹಿಡಿದಿಡುವ ರೆಗ್ಯುಲೇಟರೂ ಒಳಗೇ ಇರುವುದರಿಂದ ಉದ್ದದ ರಿಟರ್ನ್ ಪೈಪೂ ಬೇಡ. 50 ಕುದುರೆ ಶಕ್ತಿಯ ಎಂಜಿನ್‌ಗೆ ಬೇಕಾದ್ದು ಗಂಟೆಗೆ 15 ಲೀಟರ್, ಸಣ್ಣ ಕಾರಿನ ಪಂಪ್ ಧಾರಾಳ ಸಾಕು. ಆದರೆ ಅದು ಕೊಡುವ ಒತ್ತಡವೂ ನಿಮ್ಮ ಇಂಜೆಕ್ಷನ್ ಕೇಳುವ ಒತ್ತಡವೂ ಒಂದೇನಾ ಅಂತ ನೋಡಿಕೊಳ್ಳಿ.

ಮೂರನೆಯದು ಇ20. ಶೇ. 20 ಎಥನಾಲ್ ಇರುವ ಈ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಶೇ. 10 ಎಥನಾಲಿನ ತೇವದ ಕಾಟ ಮೇಲೆ ಹೇಳಿದೆನಲ್ಲ, ಇದರಲ್ಲಿ ಅದರ ಎರಡರಷ್ಟು. ಹಾಗಾಗಿ ಸ್ಟೇನ್‌ಲೆಸ್ ಸ್ಟೀಲಿಗೆ ಸ್ವಲ್ಪ ಜಾಸ್ತಿ ದುಡ್ಡು ಹೋದರೂ ಹೋಗಲಿ ಅಂತ ಮಾವನಿಗೆ ಹೇಳಿದೆ. ಹೋಸು, ಓ-ರಿಂಗು, ಮುಚ್ಚಳದ ರಬ್ಬರು ಎಲ್ಲ ಇ20ಗೆ ಆಗುವಂಥದ್ದೇ ಬೇಕು.

ತೆಗೆದ ಹಳೇ ಟ್ಯಾಂಕು, ಕಾರ್ಬುರೇಟರು, ಮೆಕ್ಯಾನಿಕಲ್ ಪಂಪು ಗುಜರಿಗೆ ಹಾಕಬೇಡಿ. ಟ್ಯಾಂಕನ್ನು ಪೂರ್ತಿ ಒಣಗಿಸಿ, ಒಳಗೆ ಎಣ್ಣೆ ಸವರಿ, ತೂತುಗಳಿಗೆ ಬಿರಡೆ ಹಾಕಿ, ಬೆಂಕಿ ಇಲ್ಲದ ಕಡೆ ಎತ್ತಿಡಿ. ಮುಂದೆ ಯಾವತ್ತಾದರೂ ಗಾಡಿಯನ್ನು ಮೂಲ ರೂಪಕ್ಕೆ ತರಬೇಕು ಅನ್ನಿಸಿದರೆ ಆಗ ಬೇಕಾಗುತ್ತದೆ.